ಹೊಳೆಯಾಚೆಯ ಭಾನುವಾರ

ಏಳನೆಯ ಒಲೆಗೂ ಕೆಂಡ ಹಂಚಿ ಬೀಸಣಿಗೆಯನ್ನು ಗಂಡನ ಕೈಗೆ ಕೊಟ್ಟಾಗ ಇನ್ನೂ ಆರೂಮುಕ್ಕಾಲು. ಕೋಗಿಲವಾಣಿ ಸೊಂಟದ ಮೇಲೆ ಕೈಯಿಟ್ಟು, ಸುಂಗೈ ಪೆಟಾನಿಯ ಆ ಬೀದಿಯನ್ನು ತಾನೇ ಕೊಂಡುಕೊಂಡವಳ ಹಾಗೆ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಬೆನ್ನ ಹಿಂದೆ ಚಿನ್ ಹುವಾಟನ ಕಾಫಿ ಅಂಗಡಿಯಲ್ಲಿ ಮೇಜಿನ ಮೇಲಿಂದ ಕುರ್ಚಿ ಇಳಿಸುವ ಸದ್ದು. ಮುಂದೆ ಸಾಲಾಗಿ ಏಳು ಪುಟ್ಟ ಬಾಣಲೆ. ಕಾಲ ಬಳಿ ಅಪ್ಪಂ ಹಿಟ್ಟಿನ ಮೂರು ದೊಡ್ಡ ಪಾತ್ರೆ.

"ಮೂರು ಪಾತ್ರೆ ಜಾಸ್ತಿ ಆಯ್ತೇನೋ," ಎಂದ ಗುಣಶೇಖರನ್, ಬೂದಿ ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿಕೊಂಡು.

"ಭಾನುವಾರ ಕಣ್ರೀ. ಯಾವ ಭಾನುವಾರ ನಾವು ಮೂರಕ್ಕಿಂತ ಕಮ್ಮಿ ಹುಯ್ದಿದ್ದೀವಿ? ನೋಡ್ತಾ ಇರಿ, ಹತ್ತು ಗಂಟೆಗೆ ಪಾತ್ರೆ ತಳ ಕೆರೀತಿರ್ತೀನಿ."

ಅವನು ಮತ್ತೆ ಬೀಸತೊಡಗಿದ. ಮೊದಲ ಅಪ್ಪಂ ಎದ್ದ ಕೂಡಲೇ ಅವಳು ಅದನ್ನು ಮಡಿಸಿ ಅಂಗಡಿಯ ಮಾಲೀಕನಿಗೆ ಕೊಟ್ಟಳು. ಎಪ್ಪತ್ತು ದಾಟಿದ ಚಿನ್ ಹುವಾಟ್ ಬನಿಯನ್ನಿನ ಮೇಲೆ ತೆಂಗಿನ ಹಾಲು ತೊಟ್ಟಿಕ್ಕಿಸಿಕೊಳ್ಳುತ್ತ ತಿಂದು, ತೀರ್ಪು ಕೊಟ್ಟ. "ಚೆನ್ನಾಗಿದೆ. ಸಿಹಿ ಸಾಲದು. ಈ ಕಡೆಯೋರು ಸಿಹಿ ಮುಂದಾಗಿ ತಿಂತಾರೆ ತಂಗಿ."

"ಒಂದು ವಾರ ತಿನ್ನಲಿ ಬಿಡಿ ಅಣ್ಣಾ. ನಾಲಿಗೆ ಸರಿ ಹೋಗುತ್ತೆ," ಎಂದಳು ಕೋಗಿಲಾ.

ಹೀಗೆ ಮಾತಾಡುವ ಹೆಂಗಸು ಅವಳು. ಪೆನಾಂಗ್ ದ್ವೀಪ ಬಿಟ್ಟು ಪಕ್ಕದ ರಾಜ್ಯ ಕೆಡಾದ ಈ ಊರಿಗೆ ಬಂದದ್ದೂ ಅವಳದೇ ತೀರ್ಮಾನ. ಜಾರ್ಜ್‌ಟೌನಿನ ಅವರ ಬೀದಿಯಲ್ಲಿ ಮನೆಗಳೆಲ್ಲ ಒಂದೊಂದಾಗಿ ಪ್ರವಾಸಿಗಳ ವಸತಿಗೃಹಗಳಾಗಿದ್ದವು. ಬಾಡಿಗೆ ಏರಿಸಿ ಏರಿಸಿ ಎದುರುಮನೆಯ ದರ್ಜಿಯನ್ನು ಎಬ್ಬಿಸಿದರು. ಅವನು ಹೋದ ಮೇಲೆ ಅದೇ ಗೋಡೆಯ ಮೇಲೆ, ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿಯ ಚಿತ್ರ ಬರೆಸಿದರು. ದಿನವಿಡೀ ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ದರ್ಜಿಯನ್ನ ಓಡಿಸಿ ದರ್ಜಿ ಚಿತ್ರ ಬರೆಸೋ ಊರು ಇದು. ನಾಳೆ ನನ್ನ ಚಿತ್ರ ಬರೆಸೋ ಮುಂಚೆ ನಾನೇ ಹೊರಡ್ತೀನಿ," ಎಂದು ಅವಳು ಅಂದೇ ಹೇಳಿದ್ದಳು. ಅಲ್ಲಿ ಒಂದು ಕೋಣೆಗೆ ಕೊಡುತ್ತಿದ್ದ ಬಾಡಿಗೆಗೆ ಇಲ್ಲಿ ಮೂರು ಕೋಣೆ, ಮುಂದೆ ವ್ಯಾನ್ ನಿಲ್ಲಿಸುವ ಜಾಗ, ಹಿಂದೆ ಎರಡು ಬಾಳೆ ನೆಡುವಷ್ಟು ಮಣ್ಣು. ಮಗಳು ಇಪೋದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಓದು ಮುಗಿಯುವವರೆಗೆ ಉಸಿರಾಡಲು ಇಷ್ಟಾದರೂ ಜಾಗ ಬೇಡವೇ?

ಗುಣಶೇಖರನ್ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಗುರುವಾರ ಸಾಮಾನಿನ ಜೊತೆಗೆ ತಾನೂ ಒಂದು ಸಾಮಾನಿನ ಹಾಗೆ ವ್ಯಾನಿನಲ್ಲಿ ಕೂತು ಬಂದ. ದ್ವೀಪದ ಸೇತುವೆ ದಾಟುವಾಗ ಒಂದು ಸಲ ತಿರುಗಿ ನೋಡಿದ. ಎರಡು ರಾಜ್ಯಗಳ ನಡುವಿನ ಮೂಡಾ ಹೊಳೆ ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದ. ಅವನು ಹುಟ್ಟಿದ್ದು, ಗೋಲಿ ಆಡಿದ್ದು, ಮೀಸೆ ಬಿಟ್ಟದ್ದು, ಅಪ್ಪಂ ಮಾರಿದ್ದು ಎಲ್ಲ ಒಂದೇ ಬೀದಿಯಲ್ಲಿ. ಅವನ ಒಲೆಗಳಿದ್ದದ್ದು ಬಾಲ್ಯದ ಗೆಳೆಯ ಬೂನ್ ಸ್ಯೋಂಗನ ಕಾಫಿ ಅಂಗಡಿಯ ಮೂಲೆಯಲ್ಲಿ. ಹೊರಡುವ ದಿನ ಬೂನ್ ಸ್ಯೋಂಗ್ ಅವನ ಹೆಗಲು ಹಿಡಿದು ಹೇಳಿದ್ದ: "ಪ್ಲಾಸ್ಟಿಕ್ ಲೋಟದಲ್ಲಿ ತಂಪು ಚಹಾ ಮಾರೋನೊಬ್ಬ ಈ ಮೂಲೆ ಕೇಳ್ತಿದ್ದಾನೆ. ಭಾನುವಾರ ಸಂಜೆವರೆಗೂ ಅವನಿಗೆ ಏನೂ ಹೇಳಲ್ಲ ಗುಣ. ಅಷ್ಟರೊಳಗೆ ಒಂದು ಫೋನ್ ಮಾಡು, ಸಾಕು."

ಹಳೆಯ ಮನೆಯ ಬೀಗದ ಕೈಯೂ ತಿಂಗಳ ಕೊನೆಯವರೆಗೆ ಅವರ ಹತ್ತಿರವೇ ಇತ್ತು. ಕೋಗಿಲಾ ಅದಕ್ಕೂ ಜಗ್ಗಲಿಲ್ಲ. "ಆಗ್ಲಿ. ಭಾನುವಾರ ಮಧ್ಯಾಹ್ನದೊಳಗೆ ನನ್ನ ಹಿಟ್ಟು ಖಾಲಿ ಆಗದಿದ್ರೆ ನಾನೇ ಮೊದಲು ವ್ಯಾನ್ ಹತ್ತಿ ಕೂರ್ತೀನಿ," ಎಂದು ಇಬ್ಬರ ಎದುರಿಗೂ ಸವಾಲು ಹಾಕಿಬಿಟ್ಟಳು.

ಬಂದ ಮಾರನೆಯ ದಿನದಿಂದಲೇ ಅವಳ ಮಾತಿಗೆ ಊರೇ ಸಾಕ್ಷಿ ಹೇಳತೊಡಗಿತು. ಶುಕ್ರವಾರ ಬೆಳಿಗ್ಗೆ ಸೊಪ್ಪು ತರಲು ಹೋದರೆ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿನ್ ಹುವಾಟನ ಅಂಗಡಿಯಲ್ಲಿ ಒಂದು ಕುರ್ಚಿ ಖಾಲಿಯಿರಲಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಜನ ಹನ್ನೊಂದರವರೆಗೂ ಕೂತಿದ್ದರು. ಶನಿವಾರವೂ ಹಾಗೆಯೇ. "ಶುಕ್ರವಾರಾನೇ ಹೀಗಾದ್ರೆ ಭಾನುವಾರ ಹೇಗಿರಬೇಡ!" ಎಂದು ಅವಳು ಮನೆ ಗುಡಿಸುತ್ತ, ಬಟ್ಟೆ ಒಣಹಾಕುತ್ತ, ಪಕ್ಕದ ಮನೆಯ ಸಲ್ಬಿಯಾ ಅಕ್ಕ ತಂದುಕೊಟ್ಟ ಎಲೆಕಡುಬು ತಿನ್ನುತ್ತ ಹತ್ತು ಸಲ ಹೇಳಿದ್ದಳು.

ಈಗ, ಈ ಊರಿನ ವ್ಯಾಪಾರದ ಮೊದಲ ದಿನ, ಏಳು ಗಂಟೆಯಾಗುತ್ತಲೇ ಜನ ಬಂದರು. ಬಂದವರು ನಿಂತುಕೊಂಡೇ ಕಾಫಿ ಹೀರಿ, ಎರಡು ಅಪ್ಪಂ ಕಟ್ಟಿಸಿಕೊಂಡು, ಸ್ಕೂಟರ್ ಹತ್ತಿ ಹೊರಟರು. ಯಾರೂ ಕೂರಲಿಲ್ಲ. ಸಲ್ಬಿಯಾ ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ತೂಗಾಡಿಸಿಕೊಂಡು ಬಂದು, "ನಾಲ್ಕು ಕೊಡು ಕೋಗಿಲಾ, ಬೇಗ, ಹೊತ್ತಾಯ್ತು," ಎಂದು ಪೊಟ್ಟಣ ಕಿತ್ತುಕೊಂಡಂತೆ ತೆಗೆದುಕೊಂಡು ಓಡಿದಳು.

"ಪಾಪ, ಭಾನುವಾರಾನೂ ಬಿಡಲ್ಲ ಇವಳನ್ನ," ಎಂದು ಕೋಗಿಲಾ ಮರುಗಿದಳು. ಸಮವಸ್ತ್ರದ ಮಕ್ಕಳನ್ನು ತುಂಬಿಕೊಂಡ ಎರಡು ಶಾಲಾ ವ್ಯಾನುಗಳು ಹೋದವು. ಆಟೋಟ ಇರಬೇಕು ಎಂದುಕೊಂಡಳು.

ಎಂಟೂಕಾಲಿಗೆ ಬೀದಿ ಗುಡಿಸಿ ಹಾಕಿದ ಹಾಗಾಯಿತು. ರಜೆಯ ದಿನ, ತಡವಾಗಿ ಏಳುತ್ತಾರೆ ಎಂದು ಅವಳು ಎರಡು ಒಲೆಯ ಕೆಂಡ ಹಿಂದಕ್ಕೆ ಎಳೆದಳು. ಎಂಟೂವರೆ. ಒಬ್ಬ ಮುದುಕ ಬಂದು ಒಂದು ಅಪ್ಪಂ ತಿಂದು, ಅದನ್ನು ಅರ್ಧ ಗಂಟೆ ಅಗಿಯುವವನ ಹಾಗೆ ಕೂತ. ಒಂಬತ್ತಾಗುತ್ತ ಬಂದರೂ ಮೊದಲ ಪಾತ್ರೆ ಅರ್ಧಕ್ಕಿಳಿದಿರಲಿಲ್ಲ. ಚಿನ್ ಹುವಾಟ್ ಕನ್ನಡಕ ಏರಿಸಿಕೊಂಡು ಪತ್ರಿಕೆ ಓದುತ್ತಿದ್ದ.

"ಎಲ್ಲಿ ಅಣ್ಣಾ ಜನ?" ಎಂದಳು ಕೋಗಿಲಾ.

"ಎಲ್ಲಿ ಅಂದ್ರೆ? ಕೆಲಸಕ್ಕೆ ಹೋಗಿದ್ದಾರೆ."

"ಭಾನುವಾರ?"

ಚಿನ್ ಹುವಾಟ್ ಪತ್ರಿಕೆ ಕೆಳಗಿಟ್ಟ. ಅವಳನ್ನು ನೋಡಿದ, ಮೂರು ಪಾತ್ರೆಗಳನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಯ್ಯೋ ದ್ವೀಪದಮ್ಮ! ಇದು ಕೆಡಾ! ನಮಗೆ ರಜೆ ಶುಕ್ರವಾರ, ಶನಿವಾರ. ಇವತ್ತು ವಾರದ ಮೊದಲನೇ ದಿನ. ಆಫೀಸು, ಶಾಲೆ, ಎಲ್ಲಾ ಶುರು. ನಾನು ಆ ಪಾತ್ರೆ ನೋಡಿ, ಯಾರದೋ ಮದುವೆಗೆ ಒಪ್ಕೊಂಡಿದ್ದಾಳೆ ಅಂದ್ಕೊಂಡಿದ್ದೆ!"

ಕೋಗಿಲಾ ಹತ್ತಿರದ ಕುರ್ಚಿಯಲ್ಲಿ ಕುಸಿದಳು. ಇದು ಅವಳಿಗೆ ತಿಳಿಯದ ವಿಷಯವೇನಲ್ಲ. ಹೊಳೆಯಾಚೆ ವಾರದ ರಜೆ ಬೇರೆ ಎಂದು ದ್ವೀಪದಲ್ಲಿ ಕೂಸುಗಳಿಗೂ ಗೊತ್ತು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ, ಅಷ್ಟೆ. ಇಪ್ಪತ್ತೆಂಟು ವರ್ಷ ಶನಿವಾರ ಬಂತೆಂದರೆ ಸಾಕು, ಅವಳ ಕೈ ಯಾರನ್ನೂ ಕೇಳದೆ ಮೂರು ಪಟ್ಟು ಅಕ್ಕಿ ಅಳೆಯುತ್ತಿತ್ತು. ನಿನ್ನೆಯೂ ಅಳೆದಿತ್ತು. ಊರೆಲ್ಲ ಎರಡು ದಿನ ಕಣ್ಣೆದುರೇ ರಜೆ ಮಾಡಿ ತೋರಿಸಿದರೂ ಅವಳಿಗೆ ಕಂಡದ್ದು ತನ್ನ ಗೆಲುವು ಮಾತ್ರ.

ಆಗ ಗಂಡನ ಕಡೆ ನೋಡಿದಳು. ಗುಣಶೇಖರನ್ ತಲೆ ತಗ್ಗಿಸಿ ಬೀಸುತ್ತಲೇ ಇದ್ದ. ಕಾಫಿಗೆ ಸಕ್ಕರೆ ಕಡಿಮೆಯಾದರೂ "ಮುರುಗಾ!" ಎಂದು ಉದ್ಗಾರ ತೆಗೆಯುವ ಮನುಷ್ಯ ಈಗ ತುಟಿ ಬಿಚ್ಚಿರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

ಬೀಸಣಿಗೆ ನಿಂತಿತು. "ನಿನ್ನೆ ಇದ್ದಿಲು ತರೋಕೆ ಹೋದಾಗ ಅಂಗಡಿಯವನು ಹೇಳ್ದ. ನಾಳೆ ಎಲ್ಲಾರಿಗೂ ಕೆಲಸ, ಏಳರೊಳಗೆ ಒಲೆ ಹಚ್ಚು, ಆಮೇಲೆ ಯಾರೂ ಇರಲ್ಲ ಅಂತ. ನಾನು ಮನೆಗೆ ಬರೋ ಹೊತ್ತಿಗೆ ನೀನು ಅಕ್ಕಿ ನೆನೆಹಾಕಿ ಆಗಿತ್ತು."

"ನೆನೆದ್ರೇನು, ರುಬ್ಬಿರಲಿಲ್ಲವಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳ್ಬೇಕು ಅಂತಾನೇ ಬಾಗಿಲಲ್ಲಿ ನಿಂತಿದ್ದೆ. ನೀನು ಹಾಡ್ಕೊಂಡು ಗ್ರೈಂಡರ್ ತೊಳೀತಿದ್ದೆ." ಅವನು ಬೂದಿಯ ಕಡೆಗೇ ನೋಡುತ್ತ ಹೇಳಿದ. "ಹಾಳಾಗ್ಲಿ ಅನ್ನಿಸ್ತು ಕಣೇ. ಒಂದೇ ಒಂದು ದಿನ ಹಾಳಾಗ್ಲಿ. ಆಮೇಲೆ ನೀನೇ 'ನಡೀರಿ ವಾಪಸ್ ಹೋಗೋಣ' ಅಂತೀಯಾ ಅಂತ."

ಚಿನ್ ಹುವಾಟ್ ನಗುವುದನ್ನು ನಿಲ್ಲಿಸಿ, ಯಾವುದೋ ಕೆಲಸ ನೆನಪಾದವನಂತೆ ಒಳಗೆ ಹೋದ.

"ಅಲ್ಲಿ ರಸ್ತೆಗಿಳಿದ್ರೆ ಹತ್ತು ಜನ 'ಗುಣಾ' ಅಂತ ಕೂಗ್ತಾರೆ," ಎಂದ ಗುಣಶೇಖರನ್. "ಇಲ್ಲಿ ಮೂರು ದಿನ ಆಯ್ತು, ನೀನು ಬಿಟ್ರೆ ಯಾರೂ ನನ್ನ ಕರೆದಿಲ್ಲ. ನೀನೂ 'ರೀ' ಅಂತೀಯ."

ಕೋಗಿಲಾಳಿಗೆ ಅಳು ಬರುವುದರಲ್ಲಿತ್ತು. ಸಿಟ್ಟು ಮೊದಲು ಬಂತು. ಇಪ್ಪತ್ತೆಂಟು ವರ್ಷಗಳಲ್ಲಿ ಜಗಳವಾಡಿದ್ದಾರೆ, ವಾರಗಟ್ಟಲೆ ಮಾತು ಬಿಟ್ಟಿದ್ದಾರೆ. ಆದರೆ ಅವನು ಹಿಟ್ಟು ಕೆಡಲು ಬಿಟ್ಟವನಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಕಾಯಿ ಹಾಲು ಹಿಂಡಿದ ಕೈ ಅದು. ಹೆಂಡತಿ ಬಾಯಿಬಡುಕಿ, ಅವಳ ಸೊಕ್ಕು ಮುರಿಯಬೇಕೆಂದಿದ್ದರೆ ಮುರಿಯಲಿ. ಹಿಟ್ಟು ಏನು ಮಾಡಿತ್ತು?

"ವ್ಯಾನಿನ ಬೀಗದ ಕೈ ನಿಮ್ಮ ಜೇಬಲ್ಲೇ ಇದೆ," ಎಂದು ಎದ್ದಳು. "ಬೂನ್ ಸ್ಯೋಂಗ್‌ಗೆ ಫೋನ್ ಮಾಡೋದಿದ್ರೆ ಮಾಡಿ. ಹೋಗೋದಿದ್ರೆ ಹೋಗಿ. ನಾನು ತಡೆಯಲ್ಲ. ಹಿಟ್ಟು ಮುಗೀಲಿ, ಆಮೇಲೆ. ಈಗ ಬೀಸಿ."

ಜನ ಕೆಲಸದಲ್ಲಿದ್ದರೆ ಅಪ್ಪಂ ಕೆಲಸದ ಜಾಗಕ್ಕೆ ಹೋಗಬೇಕು. ಅವಳು ಸೆರಗಿಗೆ ಕೈಯೊರೆಸಿಕೊಂಡು ಸಲ್ಬಿಯಾಳಿಗೆ ಫೋನ್ ಮಾಡಿದಳು.

"ಅಕ್ಕಾ, ಹತ್ತು ಗಂಟೆ ಚಹಾಕ್ಕೆ ನಿಮ್ಮ ಕಚೇರೀಲಿ ಏನು ತಿಂತೀರಿ?"

"ಏನಿರುತ್ತೆ ನನ್ನ ಕರ್ಮ, ಅದೇ ಬಿಸ್ಕತ್ತು. ನೀನು ಕಟ್ಟಿಕೊಟ್ಟ ನಾಲ್ಕೂ ನಾನು ಕುರ್ಚಿ ಎಳ್ಕೊಳ್ಳೋ ಮುಂಚೆ ಮಾಯ! ನನಗೆ ಒಂದು ಚೂರೂ ಸಿಗಲಿಲ್ಲ."

"ನೂರೈವತ್ತು ಕಳಿಸಲಾ?"

"ಹುಚ್ಚೀ, ನಾವು ಎರಡು ಅಂತಸ್ತಿನ ಜನ ಇದ್ದೀವಿ. ಇನ್ನೂರು ಕಳಿಸು. ಇಲ್ದಿದ್ರೆ ಮೇಲಿನವರು ಬಂದು ನಮ್ಮದನ್ನ ಕಿತ್ಕೊಂಡು ತಿಂತಾರೆ. ಹತ್ತಕ್ಕೆ ಸರಿಯಾಗಿ!"

ಏಳು ಒಲೆಗೂ ಕೆಂಡ ಏರಿತು. ಅವಳು ಸೌಟು ಹುಯ್ದಳು. ಅವನು ಬಾಣಲೆಯ ಕಿವಿ ಹಿಡಿದು ಒಂದು ಸುತ್ತು ತಿರುಗಿಸಿ, ಹಿಟ್ಟು ಅಂಚಿಗೆ ಹತ್ತುತ್ತಲೇ ಮುಚ್ಚಳ ಮುಚ್ಚಿದ. ಏಳನೆಯದು ಮುಚ್ಚುವಷ್ಟರಲ್ಲಿ ಮೊದಲನೆಯದರ ಅಂಚು ಕೆಂಪಾಗಿ ಬಾಣಲೆ ಬಿಟ್ಟಿರುತ್ತಿತ್ತು. ಅವಳು ಎಬ್ಬಿಸಿ ಮಡಿಸಿದಳು, ಅವನು ಒರೆಸಿದ, ಅವಳು ಮತ್ತೆ ಹುಯ್ದಳು. ಮಾತಿಲ್ಲ. ಮಾತಿನ ಅಗತ್ಯವೂ ಆ ನಾಲ್ಕು ಕೈಗಳಿಗೆ ಇರಲಿಲ್ಲ. ಒಬ್ಬರ ಮೇಲೊಬ್ಬರಿಗೆ ಎಷ್ಟೇ ಕೋಪವಿದ್ದರೂ ಒಂದು ಅಪ್ಪವೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ. ಚಿನ್ ಹುವಾಟ್ ತಾನೇ ಬಂದು ಬಾಳೆಎಲೆ ಹಾಸಿ ಡಬ್ಬಗಳಿಗೆ ತುಂಬತೊಡಗಿದ. ಹತ್ತಕ್ಕೆ ಐದು ನಿಮಿಷವಿದ್ದಾಗ ಗುಣಶೇಖರನ್ ಡಬ್ಬಗಳನ್ನು ವ್ಯಾನಿಗಿಟ್ಟುಕೊಂಡು ಹೊರಟ.

ಕಚೇರಿ ಐದು ನಿಮಿಷದ ದಾರಿ. ಹತ್ತೂವರೆಯಾಯಿತು, ಅವನು ಬರಲಿಲ್ಲ. ಆ ಕಚೇರಿಯನ್ನು ದಾಟಿದರೆ ದಕ್ಷಿಣಕ್ಕೆ, ಪೆನಾಂಗಿಗೆ ಹೋಗುವ ರಸ್ತೆ. ಹನ್ನೊಂದು ಹೊಡೆಯಿತು.

"ಒಂದು ಫೋನ್ ಮಾಡು ತಂಗಿ," ಎಂದ ಚಿನ್ ಹುವಾಟ್.

"ಮಾಡಲ್ಲ."

ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅವಳಿಗಿತ್ತು. ಹೋಗಿಬಿಟ್ಟಿರಾ ಎಂದು ಕೇಳುವಷ್ಟು ಇರಲಿಲ್ಲ. ಇದ್ದ ಒಬ್ಬಿಬ್ಬರು ಗಿರಾಕಿಗಳಿಗೆ ಹುಯ್ಯುತ್ತ ನಿಂತಳು. ಹನ್ನೊಂದೂವರೆಗೆ ಮೂರನೆಯ ಪಾತ್ರೆಯ ಮುಚ್ಚಳ ತೆಗೆದಾಗ ಹುಳಿ ಮೂಗಿಗೆ ಹೊಡೆಯಿತು. ಅದನ್ನು ಹೊತ್ತುಕೊಂಡು ಹೋಗಿ, ಬಿಳಿ ನೊರೆ ಪೂರ್ತಿ ಹರಿದುಹೋಗುವವರೆಗೂ ಚರಂಡಿಯ ಬಳಿ ನಿಂತು, ಪಾತ್ರೆ ತೊಳೆದು ಬೋರಲು ಹಾಕಿದಳು. ಸವಾಲಿನ ಮಾತಿನಂತೆ ನೋಡಿದರೆ ಅವಳು ಸೋತಿದ್ದಳು.

ಹನ್ನೆರಡಾಗುವಾಗ ವ್ಯಾನ್ ಬಂದು ನಿಂತಿತು. ಗುಣಶೇಖರನ್ ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಇಳಿದ. ಬೋರಲು ಬಿದ್ದ ಪಾತ್ರೆ ನೋಡಿದ.

"ಎಲ್ಲಿ ಹೋಗಿದ್ರಿ?"

"ಮೂಡಾ ಹೊಳೆವರೆಗೂ."

"ಮತ್ತೆ ಯಾಕೆ ವಾಪಸ್ ಬಂದ್ರಿ?"

"ಡಬ್ಬ ನಿಂದಲ್ವ," ಎಂದ ಅವನು. ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವನು ಡಬ್ಬಗಳನ್ನು ಇಳಿಸಿ, ಪಂಚೆಯ ಅಂಚಿನಿಂದ ಕುತ್ತಿಗೆ ಒರೆಸಿಕೊಂಡ. "ತಪ್ಪು ಮಾಡ್ದೆ ಕೋಗಿಲಾ. ಹಿಟ್ಟಿನ ವಿಷಯದಲ್ಲಿ ಹಾಗೆ ಮಾಡಬಾರದಿತ್ತು."

ಅವಳು ಸ್ವಲ್ಪ ಹೊತ್ತು ಬಾಣಲೆ ಒರೆಸಿದಳು. ಆಮೇಲೆ, ಉಪ್ಪಿದೆಯಾ ಎಂದು ಕೇಳುವ ಹಾಗೆ ಕೇಳಿದಳು: "ವಾರದ ರಜೆ ಯಾವತ್ತು ಇಟ್ಕೊಳ್ಳೋಣ?"

"ಸೋಮವಾರ ಅಲ್ವ. ಯಾವಾಗ್ಲೂ ಸೋಮವಾರಾನೇ."

"ಅಲ್ಲಿ ಸೋಮವಾರ ವ್ಯಾಪಾರ ಇರ್ತಿರಲಿಲ್ಲ, ಅದಕ್ಕೆ. ಇಲ್ಲಿ ಭಾನುವಾರ ಇರಲ್ಲ. ಭಾನುವಾರ ರಜೆ."

"ಸಲ್ಬಿಯಾ ಕಚೇರಿಯವರು ಮತ್ತೆ ತನ್ನಿ ಅಂದ್ರಲ್ಲ."

"ಸೋಮವಾರದಿಂದ ಗುರುವಾರದವರೆಗೆ ತಿನ್ನಲಿ. ಭಾನುವಾರ ಬಿಸ್ಕತ್ತು ತಿಂದ್ರೆ ಸಾಯಲ್ಲ." ಅವಳು ಬಟ್ಟೆ ಹಿಂಡಿ ಹರವಿದಳು. "ಭಾನುವಾರ ಅಲ್ಲಿ ಎಲ್ಲಾರಿಗೂ ರಜೆ. ನಿಮ್ಮ ಗುಂಪು ಪೂರಾ ಬೂನ್ ಸ್ಯೋಂಗ್ ಅಂಗಡೀಲಿ ಬಂದು ಕೂರುತ್ತೆ. ಇಪ್ಪತ್ತೆಂಟು ವರ್ಷ ಅವರ ಹರಟೆ ಎಲ್ಲಾ ನೀವು ಒಲೆ ಮುಂದೆ ನಿಂತು ಬೆನ್ನಲ್ಲಿ ಕೇಳಿಸ್ಕೊಂಡಿದ್ದೀರ. ಒಂದು ಭಾನುವಾರ ಆದ್ರೂ ಅವರ ಮೇಜಲ್ಲಿ ಕೂತಿದ್ದೀರಾ? ಬೆಳಿಗ್ಗೆ ವ್ಯಾನ್ ತಗೊಂಡು ಹೋಗಿ. ಸಂಜೆ ಬನ್ನಿ."

ಗುಣಶೇಖರನ್ ಅವಳ ಮುಖವನ್ನೇ ನೋಡಿದ. ಒಂದು ಭಾನುವಾರವೂ ಕೂತಿರಲಿಲ್ಲ. ಅದು ಅವನಿಗೆ ಇಷ್ಟು ವರ್ಷ ಹೊಳೆದೂ ಇರಲಿಲ್ಲ.

ಫೋನ್ ಎತ್ತಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಬೂನ್ ಸ್ಯೋಂಗನ ದನಿ ಒಲೆಯವರೆಗೂ ಕೇಳುತ್ತಿತ್ತು. "ಏನೋ ಗುಣ, ಹೊರಟ್ರಾ? ಮೂಲೆ ತೊಳೆದು ಇಡ್ಲಾ?"

"ಬೇಡ. ಆ ತಂಪು ಚಹಾದವನಿಗೇ ಕೊಟ್ಬಿಡು."

ಆ ಕಡೆ ಲೋಟಗಳ ಸದ್ದು, ಯಾರೋ ಕಾಫಿಗೆ ಕೂಗಿದ್ದು. "ನಿಜವಾಗ್ಲೂನಾ?"

"ಹ್ಞೂಂ. ಮುಂದಿನ ಭಾನುವಾರ ಬರ್ತೀನಿ. ನನಗೂ ಒಂದು ಕುರ್ಚಿ ಹಾಕು."

"ಕುರ್ಚಿಗೇನೋ ಬರ ನಿನಗೆ? ಎಲ್ಲಿ ಬೇಕಾದ್ರೂ ಕೂರು."

"ಎಲ್ಲಿ ಬೇಕಾದ್ರೂ ಬೇಡ." ಗುಣಶೇಖರನ್ ತನ್ನ ಏಳು ಒಲೆಗಳ ಕಡೆ ನೋಡಿದ. "ಮೂಲೆಗೆ ಬೆನ್ನು ಬರೋ ಹಾಗೆ ಹಾಕು."

ಬೂನ್ ಸ್ಯೋಂಗ್ ಏನೋ ಹೇಳಿ ಫೋನಿಟ್ಟ. ಕೋಗಿಲಾ ಎರಡನೆಯ ಪಾತ್ರೆಯ ತಳ ಕೆರೆದು ಹುಯ್ದಿದ್ದ ಕೊನೆಯ ಬಾಣಲೆಯ ಮುಚ್ಚಳ ತೆಗೆದು, ಅಪ್ಪವನ್ನು ಎಲೆಯ ಮೇಲೆ ಹಾಕಿ ಅವನ ಪಕ್ಕದ ಮೆಟ್ಟಿಲ ಮೇಲೆ ಇಟ್ಟಳು. ಅವನು ಒಂದು ಕೈಯಲ್ಲಿ ಅದನ್ನು ಮುರಿದು ಬಾಯಿಗಿಟ್ಟುಕೊಂಡ. ಇನ್ನೊಂದು ಕೈಯಲ್ಲಿದ್ದ ಫೋನ್ ಇನ್ನೂ ಕಿವಿಯ ಬಳಿಯೇ ಇತ್ತು.